ಸಹಾಯ ಬೇಕು: ನೀರು-ಎಥನಾಲ್ ಬೆರೆಸಿದರೆ 97.1 ಮಿ.ಲೀ.ಗಿಂತ ಕೆಳಗೆ ಇಳಿಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ್ರೀ. ಧಾರವಾಡದಲ್ಲಿ ಬಿಎಸ್ಸಿ ಮಕ್ಕಳ ಪ್ರಾಕ್ಟಿಕಲ್‌ಗೆ ಜೋಡಿಸುತ್ತಿರುವ ಪ್ರಯೋಗವಿದು. 20 ಡಿಗ್ರಿಯಲ್ಲಿ 50 ಮಿ.ಲೀ. ನೀರು, 50 ಮಿ.ಲೀ. ಶುದ್ಧ ಎಥನಾಲ್ ಬೆರೆತರೆ ಸುಮಾರು 96.4 ಮಿ.ಲೀ. ಆಗಬೇಕು, ನಮಗೆ 97.1 ಬರುತ್ತಿದೆ. ನೀರಿನ ಹೈಡ್ರೋಜನ್ ಬಂಧದ ಜಾಲದ ಸಡಿಲ ಜಾಗಗಳಲ್ಲಿ ಎಥನಾಲ್‌ನ ಈಥೈಲ್ ತುದಿ (ಅಣುವಿನ ಇಂಗಾಲದ ಭಾಗ) ಕೂರುವುದು ಮಕ್ಕಳಿಗೆ ಕಣ್ಣಾರೆ ಕಾಣುವುದು ಈ ಕುಗ್ಗುವಿಕೆಯಲ್ಲೇ.

ಬಿಸಿಯಿಂದಾದ ತಪ್ಪಲ್ಲ. ಬೆರೆಸಿದ ಕೂಡಲೇ 7 ಡಿಗ್ರಿಯಷ್ಟು ಏರುತ್ತದೆ, ಆಗಲೇ ಓದಿದರೆ ಅರ್ಧ ಮಿ.ಲೀ. ಹೆಚ್ಚು ಕಾಣುತ್ತದೆ. ಹಾಗಾಗಿ ಬಿರಡೆ ಹಾಕಿ, 20ಕ್ಕೆ ತಣಿಸಿ, ಗುಳ್ಳೆ ಹೋದ ಮೇಲೆಯೇ ಓದುತ್ತೇವೆ.

ಅನುಮಾನ ನಾವು ಶುದ್ಧ ಎಥನಾಲ್ ಎಂದು ಬಳಸುತ್ತಿರುವ ಸ್ಪಿರಿಟ್ ಮೇಲೆ. ಅದರ ಸಾಂದ್ರತೆ ಮಿ.ಲೀ.ಗೆ 0.811 ಗ್ರಾಂ ಬಂತು, ಶುದ್ಧ ಎಥನಾಲ್‌ನದು 0.789. ಅಂದರೆ ಗಾತ್ರದಲ್ಲಿ ನೂರಕ್ಕೆ 95 ಮಾತ್ರ ಎಥನಾಲ್, ಉಳಿದದ್ದು ನೀರು, ಒಂದಿಷ್ಟು ಕುಗ್ಗುವಿಕೆ ಬಾಟಲಿಯಲ್ಲೇ ಮುಗಿದಿದೆ. ಬಟ್ಟಿ ಇಳಿಸಿ ಉಪಯೋಗವಿಲ್ಲ, ತೂಕದಲ್ಲಿ 95.6ರ ಮೇಲೆ ಏರುವುದಿಲ್ಲ.

ಹುಬ್ಬಳ್ಳಿ-ಧಾರವಾಡದಲ್ಲಿ ಯಾರ ಹತ್ತಿರವಾದರೂ 3 ಆಂಗ್‌ಸ್ಟ್ರಮ್ ಮಾಲಿಕ್ಯುಲರ್ ಸೀವ್ (ನೀರನ್ನು ಹೀರುವ, ಅತಿ ಸಣ್ಣ ರಂಧ್ರಗಳ ಕಾಳು; 3 ಅನ್ನುವುದು ರಂಧ್ರದ ಅಳತೆ) 150 ಗ್ರಾಂ ಇದ್ದರೆ ಕೊಡಿ. 250 ಮಿ.ಲೀ. ಸ್ಪಿರಿಟ್‌ನಲ್ಲಿ ಸುಮಾರು 15 ಗ್ರಾಂ ನೀರಿದೆ, ಅದನ್ನು ಹೀರಲು ಅಷ್ಟು ಸೀವ್ ಸಾಕು. 4 ಆಂಗ್‌ಸ್ಟ್ರಮ್‌ನದು ಬೇಡ, ಅದರೊಳಗೆ ಎಥನಾಲ್ ಕೂಡ ನುಗ್ಗುತ್ತದೆ. ಬಳಸಿದ್ದಾದರೂ ನಡೀತದ, ಕುಲುಮೆಯಲ್ಲಿ 300 ಡಿಗ್ರಿಗೆ ಮೂರು ತಾಸು ಕಾಯಿಸಿಕೊಳ್ಳುತ್ತೇವೆ.