ಗಾಡಿ ನೋಡಿ ಓಡಿಸಿದವರ ಗುಣ ತಿಳೀತದೇನ್ರಿ?

ಸೇಡಂರೋಡ್:
ಬುಲೆಟ್ ಇಟ್ಟವರು ಗತ್ತಿನವರು, ಸ್ಪ್ಲೆಂಡರ್ ಇಟ್ಟವರು ಲೆಕ್ಕದವರು ಅಂತ ಮಂದಿ ಅಂತಾರ. ಇದು ಖರೇ ಏನ್ರಿ? ಕಲಬುರಗಿಯೊಳಗ ಕೆಎ-32 ಪಾಸಿಂಗಿನ ಹಳೇ 100 ಸಿಸಿ ಗಾಡಿ ತಗೋಬೇಕಂತ ಮಾಡೀನಿ. ಮೊದಲಿನ ಮಾಲಕರು ಹೆಂಗ ಇಟ್ಟಾರ ಅಂತ ಗಾಡಿಯಿಂದನೇ ಗೊತ್ತಾಗ್ತದೇನು?

ಗಂಜ್ ಮೇಸ್ತ್ರಿ:
ಮಾಡಲ್‌ನಿಂದ ಅವರ ರೊಕ್ಕ, ಕೆಲಸ ಗೊತ್ತಾಗ್ತಾವ. ಗುಣ ಬೇಕಂದ್ರ ಚೈನ್ ನೋಡ್ರಿ. ಹಿಂದಿನ ಸ್ಪ್ರಾಕೆಟ್ (ಚೈನ್ ಕೂಡೋ ಹಲ್ಲಿನ ಚಕ್ರ) ಮ್ಯಾಲಿನ ಚೈನ್ ಹಿಡಿದು ಹಿಂದಕ್ಕ ಎಳೀರಿ. ಅರ್ಧ ಹಲ್ಲು ಕಂಡ್ರ ಚೈನ್ ಸವದದ ಅಂತ ತಿಳೀರಿ. ಹಲ್ಲು ಕೊಕ್ಕೆಯಂಗ ಬಾಗಿದ್ರ ಹಿಂದಿನ, ಮುಂದಿನ ಎರಡೂ ಸ್ಪ್ರಾಕೆಟ್ ಸುದ್ದಾ ಹೋದವು. ಬರೇ ಚೈನ್ ಬದಲಿಸಿದ್ರ ಹಳೇ ಹಲ್ಲು ಹೊಸಾ ಚೈನನ್ನೂ ಕೆಡಿಸ್ತಾವ, ಪೂರಾ ಸೆಟ್ಟೇ ಹಾಕಬೇಕು. ಚೈನಿಗೆ ಎಣ್ಣಿ ಹಾಕೋದು ಎರಡು ನಿಮಿಷದ ಕೆಲಸ. ಅದನ್ನೇ ಮಾಡದವರು ಎಂಜಿನ್ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸ್ಯಾರ ಅಂತ ನಂಬೋದು ಕಷ್ಟ.

ಆಮ್ಯಾಲೆ ಎಂಜಿನ್‌ನ್ಯಾಗ ಕಿಡಿ ಹಚ್ಚೋ ಸ್ಪಾರ್ಕ್ ಪ್ಲಗ್ ಬಿಚ್ಚಿಸ್ರಿ. ತುದಿ ತಿಳಿ ಕಂದು ಇದ್ರ ಛಲೋ. ಒಣ ಕರಿ ಮಸಿ ಇದ್ರ ಏರ್ ಫಿಲ್ಟರ್ ಕಟ್ಟಿರಬಹುದು, ಇಲ್ಲಾ ಪೆಟ್ರೋಲ್‌ಗೆ ಗಾಳಿ ಬೆರೆಸೋ ಕಾರ್ಬೊರೇಟರ್ ಪೆಟ್ರೋಲ್ ಜಾಸ್ತಿ ಬಿಡ್ತಿರಬಹುದು. ಎಣ್ಣಿ ಜಿಡ್ಡು ಇದ್ದು ಸೈಲೆನ್ಸರಿನಿಂದ ನೀಲಿ ಹೊಗಿ ಬಂದ್ರ ಎಂಜಿನ್ ಒಳಗಿನ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಹೋಗ್ಯಾವ. ಅಂಥಾ ಗಾಡಿ ಬಿಟ್ಟುಬಿಡ್ರಿ.

ಶಹಾಬಾದ್ ಕಲ್ಲು:
ಮೇಸ್ತ್ರಿಯವರ ಮಾತು ಖರೇ, ಆದ್ರ ಎಲ್ಲಾ ಸವೆತಕ್ಕೂ ಮಾಲಕರ ಗುಣನೇ ಕಾರಣ ಅನ್ನಬ್ಯಾಡ್ರಿ. ಕಲ್ಲು ಪಾಲಿಶ್ ಮಷಿನ್ ಕಡೆ, ಸೇಡಂನ ಸಿಮೆಂಟ್ ಫ್ಯಾಕ್ಟರಿ ಕಡೆ ದಿನಾ ಓಡೋ ಗಾಡಿಗೆ ಎಷ್ಟು ಕಾಳಜಿ ಮಾಡಿದ್ರೂ ಫಿಲ್ಟರ್ ಬೇಗ ಕಟ್ತದ. ಹಾಲಿನ ಕ್ಯಾನ್ ಹೊತ್ತ ಗಾಡಿಯ ಹಿಂದಿನ ಶಾಕಬ್ಸರ್ ಎಣ್ಣಿ ಸೋರಿದ್ರ ಅದು ಹೊರೆಯ ಗುರುತು. ಹಿಂದಿನ ಬ್ರೇಕ್ ಶೂ ಪೂರಾ ಸವೆದು ಮುಂದಿನದು ಹೊಸದರಂಗ ಇದ್ರ ಮುಂದಿನ ಬ್ರೇಕಿಗೆ ಅಂಜೋರು ಅಂತ ಹೇಳಬಹುದು, ಆದ್ರ ಹೊಲದ ಮಣ್ಣಿನ ದಾರಿಯೊಳಗ ಮಂದಿ ಹಿಂದಿನ ಬ್ರೇಕನ್ನೇ ಜಾಸ್ತಿ ಹಿಡೀತಾರ.

ಶೂ ಎಷ್ಟು ಉಳದದ ಅಂತ ಚಕ್ರ ಬಿಚ್ಚದೇ ನೋಡಬಹುದು: ಪೆಡಲ್ ಒತ್ತಿ ಹಿಡಿದಾಗ ಬ್ರೇಕ್ ಆರ್ಮ್ (ಪೆಡಲ್ ಒತ್ತಿದಾಗ ತಿರುಗೋ ತೋಳು) ಬುಡದ ಬಾಣದ ಗುರುತು ಬ್ರೇಕ್ ಪ್ಲೇಟಿನ ಗುರುತಿಗೆ ಬಂದು ಮುಟ್ಟಿದ್ರ ಶೂ ಮುಗಿದಂಗ.

ಸೇಡಂರೋಡ್:
ಹಂಗಾದ್ರ ಸುಳ್ಳು ಹೇಳದ ಗುರುತು ಯಾವುದ್ರಿ?

ಗಂಜ್ ಮೇಸ್ತ್ರಿ:
ಮುಂದಿನ ಚಕ್ರ ನೆಲ ಬಿಟ್ಟು ಎತ್ತಿಸಿ ಹ್ಯಾಂಡಲ್ ಸಾವಕಾಶ ತಿರುಗಿಸ್ರಿ. ನಡುವೆ ಬಂದಾಗ ಕಟ್ ಅಂತ ಹಿಡಿದ್ರ ಕೋನ್‌ಸೆಟ್ (ಹ್ಯಾಂಡಲ್ ತಿರುಗಿಸೋ ಬೇರಿಂಗ್) ಹೋಗ್ಯಾದ. ತಗ್ಗಿನ್ಯಾಗ ಬ್ರೇಕ್ ಹಿಡೀದೇ ಇಳಿಸಿದ ಗಾಡಿ, ಇಲ್ಲಾ ಸಡಿಲಾದ್ರೂ ಬಿಗಿ ಮಾಡಿಸದ ಗಾಡಿ. ಅದು ಮಾಲಕರ ಕೈಯೊಳಗಿನ ಮಾತೇ. ನೋಡಾಕ ಹೋಗೋ ಮೊದಲು ಗಾಡಿ ಚಾಲೂ ಮಾಡಬ್ಯಾಡ್ರಿ ಅಂತ ಫೋನ್‌ನ್ಯಾಗ ಹೇಳ್ರಿ. ಹೋದ ಕೂಡ್ಲೇ ಎಂಜಿನ್ ಹತ್ರ ಕೈ ಒಯ್ದು ನೋಡ್ರಿ. ಬಿಸಿ ಹತ್ತಿದ್ರ ತಣ್ಣಗಿದ್ದಾಗ ಚಾಲೂ ಆಗದ ತೊಂದರೆ ಮುಚ್ಚಿಡಾಕತ್ಯಾರ ಅಂತ ಸಂಶಯ ಪಡ್ರಿ.

ಶಹಾಬಾದ್ ಕಲ್ಲು:
ಕಾಗದನೂ ನೋಡ್ರಿ. ಇನ್ಶೂರೆನ್ಸ್ ಎಲ್ಲೂ ತಪ್ಪದೇ ಕಟ್ಟಿದವರ ಗಾಡಿ ಬಹಳ ಸಲ ಛಲೋ ಇರ್ತದ. ಆರ್‌ಸಿ ಮ್ಯಾಲೆ ಸಾಲದ ನಮೂದು ಇದ್ರ ಸಾಲ ತೀರಿದ್ದಕ್ಕ ಬ್ಯಾಂಕಿನವರು ಸಹಿ ಮಾಡಿದ ಫಾರ್ಮ್ 35 ಕೇಳ್ರಿ. ಹೆಸರು ಬದಲಿಸಾಕ ಫಾರ್ಮ್ 29, 30ಕ್ಕ ಸಹಿ ಆಗೋ ತನಕ ಪೂರಾ ರೊಕ್ಕ ಕೊಡಬ್ಯಾಡ್ರಿ.