ಸಹಾಯ ಬೇಕು: ಯುಕೆಯಲ್ಲಿ ಕಣ್ಣಿನ ವಿಭಾಗದ ಟ್ರೇನಿಂಗ್, ಅಕಾಡೆಮಿಕ್ ಹುದ್ದೆಗೂ ಅರ್ಜಿ ಹಾಕಲಾ?

ಎಲ್ಲರಿಗೂ ನಮಸ್ಕಾರ. ಯುಕೆಯಲ್ಲಿ ಆಫ್ತಾಲ್ಮಾಲಜಿ ಟ್ರೇನಿಂಗ್ ಮಾಡುತ್ತಿರುವವರು ಅಥವಾ ಮುಗಿಸಿದವರು ಇಲ್ಲಿ ಯಾರಾದರೂ ಇದ್ದೀರಾ?

ನಾನು ಇಂಗ್ಲೆಂಡ್‌ನಲ್ಲಿ ಫೌಂಡೇಶನ್ (ವೈದ್ಯ ಪದವಿ ಆದ ಮೇಲಿನ ಎರಡು ವರ್ಷದ ತರಬೇತಿ) ಎರಡನೇ ವರ್ಷದಲ್ಲಿದ್ದೇನೆ. ಮುಂದಿನ ಸುತ್ತಿನಲ್ಲಿ ಎಸ್‌ಟಿ1ಗೆ (ಸ್ಪೆಷಲಿಸ್ಟ್ ಟ್ರೇನಿಂಗ್‌ನ ಮೊದಲ ವರ್ಷ) ಅರ್ಜಿ ಹಾಕುವುದಂತೂ ಖಚಿತ. ಒಮ್ಮೆ ಸೀಟು ಸಿಕ್ಕರೆ 7 ವರ್ಷದ ನೇರ ದಾರಿ, ನಡುವೆ ಮತ್ತೆ ಪೈಪೋಟಿ ಇಲ್ಲ. ಅದಕ್ಕೇ ಇಷ್ಟು ನೂಕುನುಗ್ಗಲು ಇರಬೇಕು.

ಗೊಂದಲ ಇರುವುದು ಅಕಾಡೆಮಿಕ್ ಕ್ಲಿನಿಕಲ್ ಫೆಲೋಶಿಪ್, ಅಂದರೆ ಟ್ರೇನಿಂಗ್ ಜೊತೆಗೆ ಸಂಶೋಧನೆಯೂ ಇರುವ ಹುದ್ದೆಯ ಬಗ್ಗೆ. ಅದರಲ್ಲಿ 75% ಸಮಯ ರೋಗಿಗಳಿಗೆ, 25% ಸಂಶೋಧನೆಗೆ. ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಬಗ್ಗೆ ಕೆಲಸ ಮಾಡುವ ಆಸೆ ಇದೆ, ಮುಂದೆ ಪಿಎಚ್‌ಡಿಗೂ ಇದು ಒಳ್ಳೆಯ ಮೆಟ್ಟಿಲು. ಆದರೆ ಕಣ್ಣಿನ ಆಪರೇಷನ್ ಕೈ ಪಳಗಿದಷ್ಟೂ ಬರುವ ವಿದ್ಯೆ ಅಲ್ವಾ? ಮೊದಲ ವರ್ಷಗಳಲ್ಲಿ ಕ್ಯಾಟರಾಕ್ಟ್ (ಕಣ್ಣಿನ ಪೊರೆ) ಕೇಸ್‌ಗಳು ಕಡಿಮೆಯಾದರೆ ಆಮೇಲೆ ಸರಿದೂಗಿಸಬಹುದಾ? ಸಂಶೋಧನೆಯ ಸಮಯವನ್ನು ವಾರಕ್ಕೊಂದು ದಿನ ಅಂತ ಹಂಚಿಕೊಂಡಿರಾ, ಅಥವಾ ಕೆಲವು ತಿಂಗಳು ಒಟ್ಟಿಗೆ ತೆಗೆದುಕೊಂಡಿರಾ? ವಾರಕ್ಕೊಂದು ದಿನ ಅಂದರೆ ಅದನ್ನು ಕ್ಲಿನಿಕ್ ನುಂಗಿಬಿಡುತ್ತದೆ ಅಂತ ನನ್ನ ಅನುಮಾನ.

ಇನ್ನೊಂದು ವಿಷಯ. ಅಕಾಡೆಮಿಕ್ ಸಂದರ್ಶನ ಗೆದ್ದರೂ ರಾಷ್ಟ್ರೀಯ ಕ್ಲಿನಿಕಲ್ ಆಯ್ಕೆಯಲ್ಲೂ ಅರ್ಹತೆ ಪಡೆಯಲೇಬೇಕು. ಅಂದರೆ ಎಂಎಸ್‌ಆರ್‌ಎ (ಆಯ್ಕೆಗಾಗಿ ಬರೆಯುವ ಪರೀಕ್ಷೆ) ಓದು, ಪೋರ್ಟ್‌ಫೋಲಿಯೊ, ಎರಡು ಬಗೆಯ ಸಂದರ್ಶನ, ಎಲ್ಲವೂ ಒಟ್ಟೊಟ್ಟಿಗೆ. ಎರಡಕ್ಕೂ ತಯಾರಿ ಮಾಡಿದವರು ಯಾವುದನ್ನು ಮೊದಲು ಹಿಡಿದಿರಿ? ಎಫ್‌ಆರ್‌ಸಿಆಫ್ತ್ (ಕಣ್ಣಿನ ವೈದ್ಯರ ರಾಯಲ್ ಕಾಲೇಜಿನ ಪರೀಕ್ಷೆ) ಪಾರ್ಟ್ 1 ಈಗಲೇ ಬರೆಯುವುದು ಜಾಣತನವಾ, ಟ್ರೇನಿಂಗ್ ಸೇರಿದ ಮೇಲೆ ಸಾಕಾ?

ಸುಮ್ನೆ ಧೈರ್ಯ ಹೇಳುವುದಕ್ಕಿಂತ ನಿಮ್ಮ ಅನುಭವ ನೇರವಾಗಿ ಹೇಳಿದರೆ ಜಾಸ್ತಿ ಉಪಕಾರ. ಅಕಾಡೆಮಿಕ್ ಹುದ್ದೆ ಬೇಡ ಅಂತ ಬಿಟ್ಟವರ ಕಾರಣಗಳೂ ಬೇಕು.