ಅಪ್‌ಡೇಟ್: ಸಾಗುವಾನಿ ಉಪ್ಪರಿಗೆಗೆ ಕೊನೆಗೂ ಮ್ಯಾಟ್ ಪಿಯು (ಹೊಳಪಿಲ್ಲದ ಪಾಲಿಯುರೆಥೇನ್ ವಾರ್ನಿಷ್)

ಪ್ರಶ್ನೆ ಇಷ್ಟಿತ್ತು: ಮಲೆನಾಡಿನ ಹಳೆ ಮನೆಯ ಉಪ್ಪರಿಗೆ, 12x14 ಅಡಿ, ಸಾಗುವಾನಿ ಹಲಗೆಯ ನೆಲ. ಉಜ್ಜಿಸಿದ ಮೇಲೆ ಹಚ್ಚುವುದು ಅಗಸೆ ಎಣ್ಣೆಯೋ, ಮೆಲಮೈನ್ ಪಾಲಿಶೋ, ಪಿಯುವೋ?

ಮೆಲಮೈನ್ ಮೊದಲೇ ಬಿಟ್ಟೆ. ಅದು ಪೀಠೋಪಕರಣಕ್ಕೆ ಸರಿ. ಕಾಲಡಿ ಬಾಗುವ ಹಲಗೆಯ ಮೇಲೆ ಬಿರುಕು ಬಿಡುತ್ತದೆ. ಅಗಸೆ ಎಣ್ಣೆಯ ಬಣ್ಣ ಚೆಂದವೇ, ಆದರೆ ಒಣಗುವುದು ನಿಧಾನ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿಟ್ಟರೆ ತಾನಾಗಿ ಬೆಂಕಿ ಹತ್ತುವ ಅಪಾಯ ಬೇರೆ. ಹಾಗಾಗಿ ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ, ನೀರಿನ ಮ್ಯಾಟ್ ಪಿಯು.

ಮೂಲೆಯಲ್ಲಿ ಹಚ್ಚಿದ ಮೊದಲ ಸ್ಯಾಂಪಲ್ ಕೈಕೊಟ್ಟಿತು. ಮಾರನೇ ದಿನ ಉಗುರಲ್ಲಿ ಕೆರೆದರೆ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು. ಸಾಗುವಾನಿಯೊಳಗಿನ ಎಣ್ಣೆಯೇ ಕಾರಣ. ಉಜ್ಜಿ ವಾರ ಬಿಟ್ಟರೆ ಅದು ಮತ್ತೆ ಮೇಲಕ್ಕೆ ಬರುತ್ತದೆ. ಎರಡನೇ ಸಲ 120 ನಂಬರ್ ಮರಳು ಕಾಗದದಲ್ಲಿ ಉಜ್ಜಿ, ಧೂಳು ಎಳೆದು, ಬಿಳಿ ಬಟ್ಟೆಗೆ ಅಸಿಟೋನ್ (ಬೇಗ ಬೆಂಕಿ ಹತ್ತುವ ದ್ರಾವಕ) ಹಾಕಿ, ಬಟ್ಟೆಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ ಒರೆಸಿ, ಅದು ಆರಿದ ಕೂಡಲೇ ಸೀಲರ್ (ಪಿಯು ಅಡಿಯ ತಳಪದರ) ಹಚ್ಚಿದ್ದು. ಕಿಟಕಿ ತೆರೆದಿರಲಿ, ಒಲೆ ಆರಿರಲಿ. ಬರಿ ಮರಕ್ಕೆ 120ಕ್ಕಿಂತ ನುಣುಪು ಬೇಡ, ಹಿಡಿತ ಕಡಿಮೆಯಾಗುತ್ತದೆ.

ಸೀಲರ್ ಮೇಲೆ ಮೂರು ಕೋಟ್, ನಡುವೆ 220ರ ಹಗುರ ಉಜ್ಜು. ಲೀಟರಿಗೆ ಸುಮಾರು 10 ಚದರ ಮೀಟರ್ ಲೆಕ್ಕದಲ್ಲಿ ಒಟ್ಟು 5 ಲೀಟರ್ ಪಿಯು. ಹಾರ್ಡನರ್ ಬೆರೆಸಿದ್ದು ಕೆಲವೇ ಗಂಟೆಯಲ್ಲಿ ಕೆಡುತ್ತದೆ, ಆ ಹೊತ್ತಿಗೆ ಬೇಕಾದಷ್ಟೇ ಕಲಸಿ. ಮಂಚ, ಜಮಖಾನೆ ಒಂದು ವಾರ ಆ ಕಡೆ ತರಬೇಡಿ.